ಪುಟ್ಟ ಹುಡುಗನ ನಲವತ್ತು ಸೂ: ಫ್ರೆಂಚ್ ಕಾದಂಬರಿಗಳ ಹಳೆಯ ನಾಣ್ಯಗಳು

ಕೇಳುಗರಿಗೆ ನಮಸ್ಕಾರ.

ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯಲ್ಲಿ ಒಂದು ಸಣ್ಣ ಪ್ರಸಂಗವಿದೆ. 1815ರ ಅಕ್ಟೋಬರ್ ತಿಂಗಳ ಒಂದು ಸಂಜೆ, ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದು ಬಿಡುಗಡೆಯಾದ ಜಾನ್ ವಾಲ್ಜಾನ್ ನಿರ್ಜನ ಬಯಲಿನ ಪೊದೆಯೊಂದರ ಮರೆಯಲ್ಲಿ ಕುಳಿತಿದ್ದಾನೆ. ಪುಟ್ಟ ಜೆರ್ವೆ ಎಂಬ ಹುಡುಗ ಹಾಡಿಕೊಳ್ಳುತ್ತ, ಕೈಯಲ್ಲಿದ್ದ ಚಿಲ್ಲರೆಯನ್ನು ಮೇಲಕ್ಕೆ ಚಿಮ್ಮಿ ಮುಂಗೈ ಮೇಲೆ ಹಿಡಿಯುತ್ತ ಅದೇ ದಾರಿಯಲ್ಲಿ ಬರುತ್ತಾನೆ. ಒಂದು ನಾಣ್ಯ ಕೈತಪ್ಪಿ, ಉರುಳುತ್ತ ವಾಲ್ಜಾನನ ಬಳಿ ಬಂದು ನಿಲ್ಲುತ್ತದೆ. ಅವನು ಮೊಳೆ ಹೊಡೆದ ಬೂಟಿನ ಕಾಲನ್ನು ಅದರ ಮೇಲೆ ಇಡುತ್ತಾನೆ. ಹುಡುಗ ಅತ್ತು ಗೋಗರೆದರೂ ಆ ಕಾಲು ಕದಲುವುದಿಲ್ಲ.

ಅದು ನಲವತ್ತು ಸೂ ನಾಣ್ಯ. ಕಥೆ ಓದುವಾಗ ನಾವು ಇದನ್ನು ‘ಏನೋ ಒಂದು ಬೆಳ್ಳಿ ಕಾಸು’ ಎಂದುಕೊಂಡು ಪುಟ ತಿರುಗಿಸುತ್ತೇವೆ. ನಾನೂ ಬಹಳ ಕಾಲ ಹಾಗೆಯೇ ಮಾಡಿದವನು. ಆದರೆ ಆ ಕಾಲದ ಕಾದಂಬರಿಕಾರರು ದುಡ್ಡಿನ ಹೆಸರನ್ನು ಸುಮ್ಮನೆ ಬರೆದವರಲ್ಲ. ಲೆಕ್ಕ ತಿಳಿದು ಓದಿದರೆ, ಪಾತ್ರವು ಬಾಯಿಬಿಟ್ಟು ಹೇಳದ ಸಂಗತಿಯನ್ನು ಅದರ ಕೈಯಲ್ಲಿರುವ ನಾಣ್ಯ ಹೇಳುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಹಳೆಯ ಫ್ರಾನ್ಸಿನಲ್ಲಿ ಹನ್ನೆರಡು ದೆನ್ಯೆ ಸೇರಿದರೆ ಒಂದು ಸೂ, ಇಪ್ಪತ್ತು ಸೂ ಸೇರಿದರೆ ಒಂದು ಲಿವ್ರ್. ನಮ್ಮಲ್ಲಿ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಎಂದು ಎಣಿಸಿದವರಿಗೆ ಇದು ತೀರ ಅಪರಿಚಿತವಾಗಿ ಕಾಣಲಾರದು. ಕ್ರಾಂತಿಯ ಬಳಿಕ, 1795ರಲ್ಲಿ, ಲಿವ್ರಿನ ಸ್ಥಾನಕ್ಕೆ ನೂರು ಸಾಂತೀಮ್‌ಗಳ ಫ್ರಾಂಕ್ ಬಂತು. 1803ರಲ್ಲಿ ಒಂದು ಫ್ರಾಂಕ್ ನಾಣ್ಯವೆಂದರೆ ಹತ್ತರಲ್ಲಿ ಒಂಬತ್ತು ಪಾಲು ಶುದ್ಧವಾದ ಐದು ಗ್ರಾಂ ಬೆಳ್ಳಿ ಎಂದು ನಿಗದಿಯಾಯಿತು. ಸರಕಾರ ಸೂ ಎಂಬ ಲೆಕ್ಕವನ್ನು ತೆಗೆದುಹಾಕಿತು, ಜನರು ತೆಗೆಯಲಿಲ್ಲ. ಐದು ಸಾಂತೀಮ್ ಅವರ ಬಾಯಲ್ಲಿ ಒಂದು ಸೂ ಆಗಿಯೇ ಉಳಿಯಿತು, ಐದು ಫ್ರಾಂಕಿನ ನಾಣ್ಯ ‘ನೂರು ಸೂ’ ಎನಿಸಿಕೊಂಡಿತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೂ ಇಪ್ಪತ್ತೈದು ಪೈಸೆಯನ್ನು ನಾವು ‘ನಾಲ್ಕಾಣೆ’ ಎನ್ನುತ್ತಿದ್ದೆವಲ್ಲ, ಹಾಗೆ.

ಆದ್ದರಿಂದ ಹುಡುಗನ ನಲವತ್ತು ಸೂ ಎಂದರೆ ಎರಡು ಫ್ರಾಂಕ್, ಹತ್ತು ಗ್ರಾಂ ತೂಕದ ಬೆಳ್ಳಿ. ಇದೇ ಕಾದಂಬರಿಯಲ್ಲಿ, ವಾಲ್ಜಾನ್ ಕೂಲಿಗೆ ಹೋದ ಕಡೆ, ಗಟ್ಟಿಮುಟ್ಟಾದ ಆಳಿನ ದಿನಗೂಲಿ ಮೂವತ್ತು ಸೂ. ಹುಡುಗ ಕಳೆದುಕೊಂಡದ್ದು ದೊಡ್ಡವನೊಬ್ಬನ ದಿನದ ದುಡಿಮೆಗಿಂತ ಹೆಚ್ಚಿನ ಹಣ. ಇತ್ತ ವಾಲ್ಜಾನನ ಬಳಿ ಹಣ ಇರಲಿಲ್ಲವೇ ಎಂದರೆ, ಇತ್ತು. ಹತ್ತೊಂಬತ್ತು ವರ್ಷದ ಜೈಲು ದುಡಿಮೆಗೆ ಕಡಿತಗಳೆಲ್ಲ ಕಳೆದು ಅವನಿಗೆ ಸಿಕ್ಕಿದ್ದು 109 ಫ್ರಾಂಕ್ 15 ಸೂ. ಫ್ರಾಂಕ್ ಹೊಸ ಲೆಕ್ಕದ್ದು, ಸೂ ಹಳೆಯದು, ಎರಡೂ ಒಂದೇ ಉಸಿರಿನಲ್ಲಿ. ಅದರ ಮೇಲೆ, ಅವನಿಗೆ ಆಶ್ರಯ ನೀಡಿದ್ದ ಪಾದ್ರಿಯೊಬ್ಬ ಕೊಟ್ಟ ಬೆಳ್ಳಿಯ ಸಾಮಾನು ಬೇರೆ ಜೋಳಿಗೆಯಲ್ಲಿತ್ತು. ಎಂದಮೇಲೆ ಆ ಕಳವಿಗೆ ಬಡತನವು ಕಾರಣವಲ್ಲ. ಹುಡುಗ ಓಡಿಹೋದ ಮೇಲೆ ಎಚ್ಚೆತ್ತು, ಅವನ ಹೆಸರು ಕೂಗುತ್ತ ಅಲೆಯುವ ವಾಲ್ಜಾನನಿಗೆ ಕುದುರೆಯ ಮೇಲೆ ಬರುತ್ತಿದ್ದ ಬೇರೊಬ್ಬ ಪಾದ್ರಿ ಎದುರಾಗುತ್ತಾನೆ. ಅವನ ಕೈಗೆ ಬಡವರಿಗೆಂದು ಐದು ಫ್ರಾಂಕಿನ ಎರಡು ನಾಣ್ಯಗಳನ್ನು ಹಾಕಿ, ಮತ್ತೆ ಎರಡನ್ನು ತುರುಕುತ್ತಾನೆ. ಒಟ್ಟು ಇಪ್ಪತ್ತು ಫ್ರಾಂಕ್, ಅಂದರೆ ಕದ್ದದ್ದರ ಹತ್ತು ಪಟ್ಟು. ಹ್ಯೂಗೋ ಈ ಗುಣಾಕಾರವನ್ನು ಮಾಡಿ ತೋರಿಸುವುದಿಲ್ಲ. ಅಂದಿನ ಓದುಗನಿಗೆ ತೋರಿಸಬೇಕಾಗಿಯೂ ಇರಲಿಲ್ಲ.

ಅದೇ ಪುಸ್ತಕದಲ್ಲಿ ಮುಂದೆ ಇನ್ನೊಂದು ಸೂ ಬರುತ್ತದೆ. ಅದು ತಾಮ್ರದ ದೊಡ್ಡ ಸೂ. ಅಡ್ಡಲಾಗಿ ಎರಡು ಬಿಲ್ಲೆಗಳಾಗಿ ಸೀಳಿ, ಒಳಗನ್ನು ಟೊಳ್ಳು ಮಾಡಿ, ಅಂಚಿಗೆ ತಿರುಪು ಕೊರೆದು, ಡಬ್ಬಿಯ ಮುಚ್ಚಳದ ಹಾಗೆ ಕೂಡಿಸಿದ ನಾಣ್ಯ. ಒಳಗೆ ಜೇಬುಗಡಿಯಾರದ ಸ್ಪ್ರಿಂಗಿನಿಂದ ಮಾಡಿದ ಗರಗಸ ಅಡಗಿದೆ. ಕೈದಿಗಳು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ ಕುಸುರಿ ಅದು. ಬಡವನ ಜೇಬಿನಲ್ಲಿ ತಾಮ್ರದ ಕಾಸು ಕಂಡರೆ ಯಾವ ಕಾವಲುಗಾರನಿಗೂ ಅನುಮಾನ ಬಾರದು ಎಂಬುದೇ ಅದರ ಉಪಾಯ.

ಇನ್ನು ಅಲೆಕ್ಸಾಂಡರ್ ಡ್ಯೂಮಾ. 1844ರಲ್ಲಿ ಬಂದ ‘ದಿ ತ್ರೀ ಮಸ್ಕೆಟಿಯರ್ಸ್’ ಕಥೆ ಆರಂಭವಾಗುವುದು 1625ರಲ್ಲಿ. ಅಲ್ಲಿ ಚಿನ್ನದ ನಾಣ್ಯವೆಂದರೆ ಹೆಚ್ಚಾಗಿ ಪಿಸ್ತೋಲ್. ಮೂಲತಃ ಸ್ಪೇನ್ ದೇಶದ ಹಣ, ಬೆಲೆ ಸುಮಾರು ಹತ್ತು ಲಿವ್ರ್. ಫ್ರಾನ್ಸಿನ ಸ್ವಂತ ಚಿನ್ನದ ನಾಣ್ಯವಾಗಿ ಹೆಸರಾದ ಲೂಯಿ ದೋರ್ ಟಂಕಿಸಲಾದದ್ದು 1640ರಲ್ಲಿ, ಅದೂ ಆ ಸ್ಪೇನ್ ನಾಣ್ಯದ ಮಾದರಿಯಲ್ಲಿ. ತಂದೆ ಕೊಟ್ಟ ಮುದಿ ಕುದುರೆಯನ್ನು ಕಥಾನಾಯಕ ದಾರ್ತಾನ್ಯಾನ್ ಮೂರು ಎಕ್ಯುಗೆ ಮಾರುತ್ತಾನೆ. ಮುಂದೆ ಡ್ಯೂಮಾ ಅದನ್ನೇ ಒಂಬತ್ತು ಲಿವ್ರ್ ಎಂದು ಕರೆಯುತ್ತಾನೆ. ಮೂರು ಲಿವ್ರಿನ ಬೆಳ್ಳಿಯ ಎಕ್ಯು ನಾಣ್ಯ ಬಂದದ್ದು ಕಥೆಯ ಕಾಲದ ನಂತರ, 1641ರಲ್ಲಿ, ನಿಜ; ಆದರೆ ಎಕ್ಯು ಒಂದಕ್ಕೆ ಮೂರು ಲಿವ್ರ್ ಎಂಬ ಲೆಕ್ಕದ ರೂಢಿ ಅದಕ್ಕಿಂತ ಹಳೆಯದಾದ್ದರಿಂದ ಲೇಖಕನನ್ನು ತಪ್ಪಿತಸ್ಥನೆನ್ನಲು ನಾನು ಒಪ್ಪುವುದಿಲ್ಲ. ಕುದುರೆಗೆ ಬಂದ ಒಂಬತ್ತು ಲಿವ್ರ್ ಒಂದು ಪಿಸ್ತೋಲಿಗೂ ಸಾಲದು. ಕೆಲವೇ ಅಧ್ಯಾಯಗಳ ನಂತರ ಸ್ವತಃ ದೊರೆ ಈ ಹುಡುಗನ ಕೈಗೆ ನಲವತ್ತು ಪಿಸ್ತೋಲ್ ಇಡುತ್ತಾನೆ. ಪ್ಯಾರಿಸಿನಲ್ಲಿ ಅವನ ನಸೀಬು ಹೇಗೆ ಖುಲಾಯಿಸಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದದ್ದು ಬಾಲ್ಜಾಕ್. 1833ರ ‘ಯೂಜೆನಿ ಗ್ರಾಂದೆ’ಯಲ್ಲಿ ಜಿಪುಣ ಗ್ರಾಂದೆ ಮಗಳಿಗೆ ಹುಟ್ಟುಹಬ್ಬಕ್ಕೆ, ಹೊಸವರ್ಷಕ್ಕೆ ಚಿನ್ನದ ನಾಣ್ಯಗಳನ್ನೇ ಕೊಡುತ್ತ ಬಂದಿದ್ದಾನೆ, ಖರ್ಚು ಮಾಡಲಿಕ್ಕಲ್ಲ, ಕೇಳಿದಾಗ ತೋರಿಸಲಿಕ್ಕೆ. ಒಂದು ರಾತ್ರಿ ಯೂಜೆನಿ ಆ ಚೀಲವನ್ನು ಸುರಿದು ಎಣಿಸುತ್ತಾಳೆ. ಪೋರ್ಚುಗಲ್ಲಿನವು, ಜಿನೋವಾದವು, ನೂರು ಡಚ್ ಡ್ಯೂಕಟ್‌ಗಳು, ಮೊನ್ನೆಯಷ್ಟೇ ಬಂದ ನಲವತ್ತು ಫ್ರಾಂಕಿನ ನೆಪೋಲಿಯನ್. ಇವುಗಳ ನಡುವೆ ಮೊಗಲ್ ಬಾದಶಹರ ಎಂಟು ನಾಣ್ಯಗಳು, ತುಲಾ ರಾಶಿಯ ಚಿತ್ರವಿರುವ ಮೂರು, ಕನ್ಯಾ ರಾಶಿಯ ಐದು. ಬಾಲ್ಜಾಕ್ ಅವನ್ನು ರೂಪಾಯಿ ಎಂದು ಕರೆಯುತ್ತಾನೆ. ನಮ್ಮಲ್ಲಿ ರೂಪಾಯಿ ಬೆಳ್ಳಿಯದು, ಚಿನ್ನದ್ದು ಮೊಹರು. ರಾಶಿಚಿತ್ರಗಳ ಮೊಹರುಗಳನ್ನು ಟಂಕಿಸಿದವನು ಜಹಾಂಗೀರ್.

ಪ್ರತಿ ನಾಣ್ಯಕ್ಕೆ ತೂಕದ ಲೆಕ್ಕದಲ್ಲಿ 37 ಫ್ರಾಂಕ್ 40 ಸಾಂತೀಮ್ ಎಂದು ಬಾಲ್ಜಾಕ್ ಬೆಲೆ ಕಟ್ಟುತ್ತಾನೆ. ಕುತೂಹಲಕ್ಕೆ ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಇಪ್ಪತ್ತು ಫ್ರಾಂಕಿನ ಚಿನ್ನದ ನಾಣ್ಯದ ತೂಕ 6.45 ಗ್ರಾಂ, ಅದರಲ್ಲಿ ಶುದ್ಧ ಚಿನ್ನ ಸುಮಾರು 5.8 ಗ್ರಾಂ. ಆ ದರದಲ್ಲಿ 37 ಫ್ರಾಂಕ್ 40 ಸಾಂತೀಮ್‌ಗೆ ಬರುವ ಚಿನ್ನ 10.86 ಗ್ರಾಂ. ಜಹಾಂಗೀರನ ಮೊಹರು ತೂಗುವುದು ಹತ್ತಿರ ಹತ್ತಿರ 10.9 ಗ್ರಾಂ. ಹೆಸರು ತಪ್ಪಿದ ಬಾಲ್ಜಾಕ್ ತೂಕ ತಪ್ಪಲಿಲ್ಲ.

ಯೂಜೆನಿ ಆ ಚೀಲವನ್ನು ಇಡಿಯಾಗಿ, ತನ್ನ ತಂದೆಯನ್ನು ಕಳೆದುಕೊಂಡು ದಿಕ್ಕಿಲ್ಲದಂತಾದ ದಾಯಾದಿ ಷಾರ್ಲ್‌ನಿಗೆ ಕೊಟ್ಟುಬಿಡುತ್ತಾಳೆ. 1820ರ ಹೊಸವರ್ಷದ ದಿನ ತಂದೆ ಚಿನ್ನವನ್ನು ತೋರಿಸು ಎನ್ನುತ್ತಾನೆ. ಮಗಳು ಇಲ್ಲ ಎನ್ನುತ್ತಾಳೆ, ಯಾರಿಗೆ ಕೊಟ್ಟೆ ಎಂದು ಮಾತ್ರ ಹೇಳುವುದಿಲ್ಲ. ಅಂದಿನಿಂದ ಅವಳಿಗೆ ಕೋಣೆಯಲ್ಲೇ ಸೆರೆ, ಊಟಕ್ಕೆ ಬರಿಯ ರೊಟ್ಟಿ, ನೀರು.

ನಮಸ್ಕಾರ.