ಗಾಣದ ಎಣ್ಣೆ, ಎ2 ತುಪ್ಪ, ಮತ್ತೆ ನಮ್ಮ ಎಲ್‌ಡಿಎಲ್

ನಮಸ್ಕಾರ ಎಲ್ರಿಗೂ. ಇವತ್ತು ಎಣ್ಣೆ ವಿಷ್ಯ ಮಾತಾಡೋಣ. ಶನಿವಾರ ಸಂಜೆ ಎಣ್ಣೆ ಅಲ್ಲ ಕಣ್ರಪ್ಪಾ, ಒಗ್ಗರಣೆ ಎಣ್ಣೆ.

ಈಗ ರೀಲ್ಸ್ ತೆಗೆದ್ರೆ ಸಾಕು, ಒಬ್ರು ಗಾಣದ ಮುಂದೆ ನಿಂತ್ಕೊಂಡು ರಿಫೈಂಡ್ ಎಣ್ಣೆ ವಿಷ ಅಂತಾರೆ, ಇನ್ನೊಬ್ರು ಬೆಳಿಗ್ಗೆ ಖಾಲಿ ಹೊಟ್ಟೇಲಿ ದೊಡ್ಡ ಚಮಚದ ತುಂಬ ತುಪ್ಪ ನುಂಗಿ, ಕೊಲೆಸ್ಟ್ರಾಲ್ ಅನ್ನೋದೇ ಮಾತ್ರೆ ಕಂಪನಿಯವ್ರು ಎಬ್ಬಿಸಿರೋ ಭೂತ ಅಂತಾರೆ, ಕೆಳಗೆ ಒಂದು ಲಿಂಕ್ ಇರುತ್ತೆ, ಒತ್ತಿದ್ರೆ ಅದೇ ತುಪ್ಪ ಲೀಟ್ರಿಗೆ ಎರಡು ಸಾವಿರದ ಮೇಲೆ. ಎ2 ತುಪ್ಪ ಅಂತೆ. ಅಲ್ಲ ಸ್ವಾಮಿ, ಎ1 ಎ2 ಅನ್ನೋದು ಹಾಲಲ್ಲಿರೋ ಒಂದು ಪ್ರೋಟೀನಿನ ವಿಷ್ಯ, ಬೀಟಾ ಕೇಸೀನ್ ಅಂತ. ತುಪ್ಪ ಕಾಯ್ಸೋದೇ ಪ್ರೋಟೀನು, ನೀರು ಎಲ್ಲಾ ಹೋಗಿ ಬರೀ ಕೊಬ್ಬು ಉಳೀಲಿ ಅಂತ. ಗಸಿ ಜೊತೆ ಹೊರಗೆ ಹೋಗಿರೋ ವಸ್ತುವಿನ ಹೆಸರಲ್ಲಿ ನಮ್ಮತ್ರ ದುಡ್ಡು ಕೀಳ್ತಿದಾರೆ. 2024ರ ಆಗಸ್ಟ್‌ನಲ್ಲಿ ಎಫ್‌ಎಸ್‌ಎಸ್‌ಎಐನವ್ರು, ಅಂದ್ರೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆಯವ್ರು, ಈ ಎ1 ಎ2 ಲೇಬಲ್ ತೆಗೀರಿ ಅಂತ ಆದೇಶ ಹೊರಡಿಸಿದ್ರು, ವಾರ ತುಂಬೋದ್ರೊಳಗೆ ಅವ್ರೇ ವಾಪಸ್ ತಗೊಂಡ್ರು. ಯಾಕೆ ಅಂತ ನೀವೇ ಯೋಚ್ನೆ ಮಾಡಿ.

ನಂಗೆ ತುಪ್ಪದ ಮೇಲೆ ದ್ವೇಷ ಏನಿಲ್ಲ. ಬಿಸಿ ಅನ್ನ, ತಿಳಿ ಸಾರು, ಮೇಲೆ ಒಂದು ಚಮಚ ತುಪ್ಪ, ಅದಿಲ್ದೆ ಊಟ ಏನು. ನಂಗೆ ಸಿಟ್ಟು ಬರೋದು ಎಣ್ಣೆನ, ತುಪ್ಪನ ಔಷಧಿ ಅಂತ ಮಾರೋರ ಮೇಲೆ. ಯಾವ ಎಣ್ಣೆ ಯಾವ ಎಣ್ಣೆ ಅಂತ ಜಗಳ ಆಡ್ತಾ ಆಡ್ತಾ, ತಿಂಗಳಿಗೆ ಎಷ್ಟು ಹೊಟ್ಟೆಗೆ ಹೋಗ್ತಿದೆ, ಎಲ್ಲಿಂದ ಹೋಗ್ತಿದೆ ಅನ್ನೋ ಲೆಕ್ಕನೇ ಬಿಟ್ಬಿಟ್ಟಿದೀವಿ.

ಹಂಗಂತ ಜನ ಫ್ಯಾಕ್ಟ್ರಿ ಕೊಬ್ಬನ್ನ ನಂಬಲ್ಲ ಅಂದ್ರೆ ಅದಕ್ಕೆ ಕಾರಣ ಇದೆ. ಡಾಲ್ಡಾ ಗೊತ್ತಲ್ಲ? 1937ರಲ್ಲಿ ನಮ್ಮ ದೇಶಕ್ಕೆ ಬಂತು. ಹಳದಿ ಡಬ್ಬ, ಮೇಲೆ ಮರದ ಚಿತ್ರ, ಡಾಲ್ಡಾ ಖಾಲಿ ಆದ್ಮೇಲೂ ಆ ಡಬ್ಬ ವರ್ಷಗಟ್ಲೆ ಮನೇಲೇ ಇರ್ತಿತ್ತು, ಒಂದ್ರಲ್ಲಿ ಬೇಳೆ, ಒಂದ್ರಲ್ಲಿ ತುಳಸಿ ಗಿಡ. ತುಪ್ಪ ಕೊಳ್ಳೋಕಾಗದವ್ರಿಗೆ ತುಪ್ಪದ ಥರಾನೇ ಕಾಣೋ ವಸ್ತು. ಮಾಡೋದು ಹೆಂಗಪ್ಪಾ ಅಂದ್ರೆ ತೆಳ್ಳಗಿರೋ ಎಣ್ಣೆಗೆ ನಿಕ್ಕೆಲ್ ಹಾಕಿ, ಬಿಸಿ ಮಾಡಿ, ಹೈಡ್ರೋಜನ್ ಗ್ಯಾಸ್ ಹಾಯಿಸೋದು, ಎಣ್ಣೆ ಗಟ್ಟಿ ಆಗುತ್ತೆ. ಆದ್ರೆ ಹಂಗೆ ಅರ್ಧಂಬರ್ಧ ಗಟ್ಟಿ ಆಗೋವಾಗ ಟ್ರಾನ್ಸ್ ಫ್ಯಾಟ್ ಹುಟ್ಕೊಳ್ಳುತ್ತೆ. ಇದು ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ ಆ ಎಲ್‌ಡಿಎಲ್‌ನ ಏರಿಸಿ, ಒಳ್ಳೇದು ಅಂತೀವಲ್ಲ ಆ ಎಚ್‌ಡಿಎಲ್‌ನ ಇಳಿಸುತ್ತೆ ಅಂತ 1990ರಲ್ಲೇ ನೆದರ್ಲೆಂಡ್ಸ್‌ನವ್ರು ತೋರ್ಸಿದ್ರು. ಎರಡೂ ಕಡೆಯಿಂದ ಏಟು. ಎಣ್ಣೆ, ಕೊಬ್ಬಲ್ಲಿ ಟ್ರಾನ್ಸ್ ಫ್ಯಾಟ್ ಇಷ್ಟರ ಮೇಲೆ ಇರಂಗಿಲ್ಲ ಅನ್ನೋ ಮಿತಿ ನಮ್ಮಲ್ಲಿ ಯಾವಾಗ ಬಂತು ಕೇಳಿ. 2011ರಲ್ಲಿ ಶೇ 10. ಆಮೇಲೆ 5, ಆಮೇಲೆ 2021ರಲ್ಲಿ 3, ಕೊನೆಗೆ 2022ರ ಜನವರಿಯಿಂದ ಶೇ 2. ಅಷ್ಟೊತ್ತಿಗೆ ಡಾಲ್ಡಾಗೆ ಎಂಬತ್ನಾಲ್ಕು ವರ್ಷ ದಾಟಿತ್ತು.

ಸರಿ, ಟ್ರಾನ್ಸ್ ಫ್ಯಾಟ್ ಇಳೀತು, ಒಳ್ಳೇದಾಯ್ತು. ಆದ್ರೆ ಬೇಕರಿಯವ್ರಿಗೆ ಗಟ್ಟಿ ಕೊಬ್ಬು ಬೇಕೇ ಬೇಕಲ್ಲ, ಪಫ್ಸ್ ಪದರ ಪದರವಾಗಿ ಏಳ್ಬೇಕು ಅಂದ್ರೆ ತೆಳ್ಳನೆ ಸೂರ್ಯಕಾಂತಿ ಎಣ್ಣೇಲಿ ಆಗಲ್ಲ. ಆ ಜಾಗಕ್ಕೆ ಬಹಳಷ್ಟು ಕಡೆ ಪಾಮ್ ಎಣ್ಣೆ ಬಂದು ಕೂತಿದೆ. ಪಾಮ್ ಎಣ್ಣೇಲಿ ಹತ್ತತ್ರ ಅರ್ಧದಷ್ಟು ಸ್ಯಾಚುರೇಟೆಡ್ ಫ್ಯಾಟ್, ಅಂದ್ರೆ ಎಲ್‌ಡಿಎಲ್ ಏರಿಸೋ ಥರದ ಕೊಬ್ಬು. ಡಾಲ್ಡಾದಷ್ಟು ಕೆಟ್ಟದ್ದಲ್ಲ, ಹಂಗಂತ ಸಾಧುವೂ ಅಲ್ಲ. ಸಂಜೆ ಒಂದು ಪಫ್ಸ್ ಪೇಪರ್ ಮೇಲೆ ಐದು ನಿಮಿಷ ಇಟ್ಟು ನೋಡಿ, ಪೇಪರ್ ಆ ಕಡೆಯಿಂದ ಈ ಕಡೆ ಕಾಣುತ್ತೆ. ತಿಂದ ಮೇಲೆ ಅಂಗುಳಕ್ಕೆ ಒಂದು ಜಿಡ್ಡು ಕೂತಿರುತ್ತಲ್ಲ, ಬಿಸಿ ಕಾಫಿ ಕುಡಿಯೋವರ್ಗೂ ಬಿಡಲ್ಲ, ಅದು ಬಾಯಿ ಶಾಖಕ್ಕೂ ಕರಗದೇ ಇರೋ ಕೊಬ್ಬು. ಬಿಸ್ಕೆಟ್ ಪ್ಯಾಕೆಟ್ ತಿರುಗಿಸಿ ಸಣ್ಣಕ್ಷರ ಓದಿ. ಮುಂದೆ ಗೋಧಿ ತೆನೆ ಚಿತ್ರ, ಹಿಂದೆ ಮೈದಾ, ಸಕ್ಕರೆ, ಪಾಮ್ ಆಯಿಲ್, ಅದೇ ಸಾಲಲ್ಲಿ. ಮನೇಲಿ ಗಾಣದ ಕಡ್ಲೆಕಾಯಿ ಎಣ್ಣೆ ಇಟ್ಕೊಂಡು ದಿನಾ ಎರಡು ಸಲ ಟೀ ಜೊತೆ ಇದನ್ನ ತಿಂತೀವಿ.

ಇನ್ನು ರಸ್ತೆ ಬದಿ ಬೋಂಡ ಬಜ್ಜಿ ಗಾಡಿ. ನಂಗೂ ಇಷ್ಟ, ಸುಳ್ಳು ಹೇಳಲ್ಲ. ಆದ್ರೆ ಬಾಣಲೆ ಕಡೆ ಸ್ವಲ್ಪ ಕಣ್ಣಿಡಿ. ಸಂಜೆ ಐದಕ್ಕೆ ಎಣ್ಣೆ ಹೊಂಬಣ್ಣ ಇರುತ್ತೆ, ಎಂಟೂವರೆಗೆ ಕಾಫಿ ಡಿಕಾಕ್ಷನ್ ಬಣ್ಣ, ಮೆಣಸಿನಕಾಯಿ ಬಿಟ್ಟ ತಕ್ಷಣ ಸಣ್ಣ ಸಣ್ಣ ನೊರೆ ಎದ್ದು ಕೂರುತ್ತೆ, ಇಳಿಯೋದೇ ಇಲ್ಲ, ಹೊಗೆ ಬೇರೆ ಬೇಗ ಬರುತ್ತೆ. ಎಣ್ಣೆ ಒಡೆದಿದೆ ಅನ್ನೋದಕ್ಕೆ ಅದೇ ಗುರುತು. ಅವ್ರು ಚೆಲ್ಲಲ್ಲ, ಮೇಲೆ ಹೊಸ ಎಣ್ಣೆ ಸುರೀತಾರೆ, ಉಳಿದಿದ್ದು ನಾಳೆಗೆ. ಕಾದು ಕಾದು ಒಡೆದ ಎಣ್ಣೇಲಿ ಸೇರ್ಕೊಳ್ಳೋ ಪೋಲಾರ್ ಕಾಂಪೌಂಡ್ಸ್ ಶೇ 25 ದಾಟಿದ್ರೆ ಆ ಎಣ್ಣೆ ಬಳಸಂಗಿಲ್ಲ ಅಂತ 2018ರ ಜುಲೈಯಿಂದ ರೂಲ್ ಇದೆ. ಗಾಡಿ ಹತ್ರ ಮೀಟರ್ ಹಿಡ್ಕೊಂಡು ನಿಲ್ಲೋರು ಯಾರು? ಗಾಡಿಯವ್ರನ್ನ ಮಾತ್ರ ಬಯ್ಯೋದೂ ನ್ಯಾಯ ಅಲ್ಲ. ಹಬ್ಬದ ದಿನ ಕರಿದ ಎಣ್ಣೆನ ಸೋಸಿ ಡಬ್ಬಕ್ಕೆ ಹಾಕಿಟ್ಟು ಮೂರು ವಾರ ಒಗ್ಗರಣೆಗೆ ಬಳಸೋರು ನಮ್ಮನೆಗಳಲ್ಲೇ ಇದಾರೆ.

ಗಾಣದ ಎಣ್ಣೆ ವಿಷ್ಯಕ್ಕೆ ಬರ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ ಬಿಡಲ್ಲ ನೀವು. ಗಾಣದ್ದು ಒಳ್ಳೆ ಎಣ್ಣೇನೇ. ಘಮ ಇದೆ, ವಿಟಮಿನ್ ಇ ಜಾಸ್ತಿ ಉಳ್ಕೊಂಡಿರುತ್ತೆ. ಆದ್ರೆ ಕಡ್ಲೆಕಾಯಿ ಅದೇ, ಅದರೊಳಗಿನ ಕೊಬ್ಬೂ ಅದೇ, ರಿಫೈಂಡ್‌ನಲ್ಲಿ ಎಷ್ಟು ಸ್ಯಾಚುರೇಟೆಡ್ ಇರುತ್ತೋ ಹೆಚ್ಚುಕಮ್ಮಿ ಅಷ್ಟೇ ಗಾಣದ್ರಲ್ಲೂ, ಗ್ರಾಂಗೆ 9 ಕ್ಯಾಲರಿ ಇಲ್ಲೂ ಅಷ್ಟೇ ಅಲ್ಲೂ ಅಷ್ಟೇ. ಇನ್ನೊಂದು ಯಾರೂ ಹೇಳಲ್ಲ. ಚಳ್ಳಕೆರೆ ಕಡೆಯವ್ರಿಗೆ ಗೊತ್ತಿರುತ್ತೆ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಕಡ್ಲೆಕಾಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರ್ಬೋದು, ಲಿವರ್‌ಗೆ ತೀರಾ ಕೆಟ್ಟದ್ದು. ರಿಫೈನ್ ಮಾಡೋವಾಗ ಅದು ಬಹುಪಾಲು ಹೋಗುತ್ತೆ, ಗಾಣದಲ್ಲಿ ಹೋಗಲ್ಲ. ಹಂಗಾಗಿ ಗಾಣದ್ದು ತಗೊಳ್ಳೋರು ಎಣ್ಣೆಗಿಂತ ಮುಂಚೆ ಬೀಜ ನೋಡಿ.

ರಿಫೈಂಡ್ ಕಂಪನಿಯವ್ರೂ ಏನು ಕಮ್ಮಿ ಇಲ್ಲ ಬಿಡಿ. ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಮೇಲೆ ದೊಡ್ಡದಾಗಿ ಕೊಲೆಸ್ಟ್ರಾಲ್ ಫ್ರೀ ಅಂತ ಹಾಕೋದು, ಬಾಳೆಹಣ್ಣಿನ ಮೇಲೆ ಮೂಳೆ ಇಲ್ಲ ಅಂತ ಬರೆದಂಗೆ. ಗಿಡದ ಎಣ್ಣೇಲಿ ಕೊಲೆಸ್ಟ್ರಾಲ್ ಯಾವತ್ತು ಇತ್ತು?

ಕರಾವಳಿಯವ್ರು ಬಯ್ಯಬೇಡಿ, ಕೊಬ್ಬರಿ ಎಣ್ಣೆ ವಿಷ್ಯನೂ ಹೇಳ್ಲೇಬೇಕು. ಅದ್ರಲ್ಲಿ ಶೇ 90ರ ಹತ್ರ ಸ್ಯಾಚುರೇಟೆಡ್, ತುಪ್ಪಕ್ಕಿಂತ ಜಾಸ್ತಿ. ಕಡ್ಲೆಕಾಯಿ, ಸೂರ್ಯಕಾಂತಿ ಥರದ ಎಣ್ಣೆ ಜೊತೆ ಹೋಲಿಸಿ ನೋಡಿದಾಗ ಎಲ್‌ಡಿಎಲ್ ಏರಿಸುತ್ತೆ ಅಂತ ಎಷ್ಟೋ ಟ್ರಯಲ್‌ಗಳಲ್ಲಿ ಕಂಡಿದೆ. ನಮ್ಮಜ್ಜಿ ಅದನ್ನೇ ತಿಂದು ತೊಂಬತ್ತು ವರ್ಷ ಬದುಕಿದ್ರು ಅಂತೀರ. ನಿಮ್ಮಜ್ಜಿ ತೋಟಕ್ಕೆ ನಡ್ಕೊಂಡು ಹೋಗ್ತಿದ್ರು, ಎಣ್ಣೆ ಡಬ್ಬಾನ ಬೀಗ ಹಾಕಿ ಇಡೋ ಕಾಲ ಅದು, ಪಲ್ಯಕ್ಕೆ ಒಂದು ಚಮಚ ಬಿದ್ರೆ ಹೆಚ್ಚು. ಐವತ್ತಕ್ಕೆ ಎದೆ ಹಿಡ್ಕೊಂಡು ಹೋದ ಅಜ್ಜಂದಿರ ಕಥೆ ಹೇಳೋಕೆ ಯಾರೂ ಮೈಕ್ ಹಿಡಿಯಲ್ಲ. ಪಲ್ಯಕ್ಕೆ ಹಾಕೋ ಕಾಯಿತುರಿ ಬಗ್ಗೆ ನಂದೇನೂ ತಕರಾರಿಲ್ಲ, ಅದ್ರಲ್ಲಿ ನಾರಾದ್ರೂ ಇದೆ.

ಈಗ ಲೆಕ್ಕ. ಐಸಿಎಂಆರ್‌ನ ಹೈದರಾಬಾದ್ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಗೈಡ್‌ಲೈನ್ ಪ್ರಕಾರ 2000 ಕ್ಯಾಲರಿ ಊಟ ಮಾಡೋರಿಗೆ ದಿನಕ್ಕೆ ಸುಮಾರು 27 ಗ್ರಾಂ ಎಣ್ಣೆ ಕೊಬ್ಬು. ತಿಂಗಳಿಗೆ ತಲೆಗೆ ಒಂದು ಲೀಟರ್‌ಗಿಂತ ಸ್ವಲ್ಪ ಕಮ್ಮಿ, ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್. ತುಪ್ಪ, ಬೆಣ್ಣೆ ಎಲ್ಲಾ ಸೇರಿ. ಬೇಕರಿದು, ಹೋಟೆಲ್ದು ಕೂಡ ಇದ್ರಲ್ಲೇ ಬರ್ಬೇಕು, ನೆನಪಿರ್ಲಿ, ವಾರಕ್ಕೊಂದು ಬೆಣ್ಣೆ ದೋಸೆನೂ ಸೇರಿ. ನಿಮ್ಮನೆ ದಿನಸಿ ಚೀಟೀಲಿ ಎಣ್ಣೆ ಎಷ್ಟು ಲೀಟರ್ ಅಂತ ಇದೆ?

ಪೂರ್ತಿ ಎಣ್ಣೆ ಬಿಡಿ ಅಂತಿಲ್ಲ. ಕೊಬ್ಬಿಲ್ದೆ ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತಲ್ಲ, ಸೊಪ್ಪಿನ ಪಲ್ಯಕ್ಕೂ ಒಂಚೂರು ಎಣ್ಣೆ ಬೇಕು. ಎಣ್ಣೆ ಕಮ್ಮಿ ಮಾಡಿ ಆ ಜಾಗಕ್ಕೆ ಇನ್ನೊಂದು ತಟ್ಟೆ ಬಿಳಿ ಅನ್ನ, ಮೈದಾ ತುಂಬಿದ್ರೆ ಹೃದಯಕ್ಕೇನೂ ಉಪಕಾರ ಆಗಲ್ಲ. ತುಪ್ಪ, ಪಾಮ್ ಕಮ್ಮಿ ಮಾಡಿ ಆ ಜಾಗಕ್ಕೆ ಕಡ್ಲೆಕಾಯಿ, ಎಳ್ಳು, ಸೂರ್ಯಕಾಂತಿ, ಅಕ್ಕಿ ತೌಡಿನ ಎಣ್ಣೆ ಬಂದ್ರೆ ಎಲ್‌ಡಿಎಲ್ ಇಳಿಯುತ್ತೆ. ಸೀಡ್ ಆಯಿಲ್, ಅಂದ್ರೆ ಸೂರ್ಯಕಾಂತಿ ಥರದ ಬೀಜದ ಎಣ್ಣೆ ತಿಂದ್ರೆ ಮೈಯಲ್ಲಿ ಉರಿಯೂತ ಅಂತ ಅಮೆರಿಕದಿಂದ ಬಂದಿರೋ ಹೊಸ ಹೆದ್ರಿಕೆ ಇದೆಯಲ್ಲ, ಮನುಷ್ಯರ ಮೇಲೆ ಮಾಡಿದ ಟ್ರಯಲ್‌ಗಳು ಅದಕ್ಕೆ ಸಾಥ್ ಕೊಡ್ತಿಲ್ಲ.

ಕೊನೇದಾಗಿ ಒಂದು, ಇದಕ್ಕೋಸ್ಕರಾನೇ ಈ ವಿಡಿಯೋ ಮಾಡಿದ್ದು. ರೀಲ್ಸ್ ನೋಡ್ಕೊಂಡು ಕೊಲೆಸ್ಟ್ರಾಲ್ ಮಾತ್ರೆ ನಿಲ್ಸಿ ತುಪ್ಪ ಶುರು ಮಾಡ್ಕೊಂಡೋರು ಇದಾರೆ. ಸ್ಟೆಂಟ್ ಹಾಕಿಸ್ಕೊಂಡೋರೂ ಇದಾರೆ ಅವ್ರಲ್ಲಿ. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರೋ ವಂಶದವ್ರಿಗೆ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗೋ ಅಪಾಯ ಜಾಸ್ತಿ, ಇದು ಯಾವ ಮಾತ್ರೆ ಕಂಪನಿ ಹುಟ್ಟಿಸಿದ ಕಥೆನೂ ಅಲ್ಲ. ನಿಲ್ಲಿಸ್ಬೇಕು ಅನ್ಸಿದ್ರೆ ಲಿಪಿಡ್ ಪ್ರೊಫೈಲ್, ಅಂದ್ರೆ ಕೊಲೆಸ್ಟ್ರಾಲ್ ನೋಡೋ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ತಗೊಂಡು ಮಾತ್ರೆ ಬರೆದ ಡಾಕ್ಟ್ರ ಹತ್ರಾನೇ ಹೋಗಿ ಕೇಳಿ. ತುಪ್ಪ ಮಾರೋರ ಹತ್ರ ಅಲ್ಲ, ನನ್ನ ಹತ್ರಾನೂ ಅಲ್ಲ.