ಕೆಲಂತಾನ್ ದೋಣಿಯ ಬೆಳ್ಳಕ್ಕಿ: ಬಂಗಾವು

ದೋಣಿಯ ಮುಂದಿನ ತುದಿಯ ಹತ್ತಿರ ನೆಟ್ಟಗೆ ನಿಂತಿರೋ ಈ ಮರದ ತುಂಡನ್ನ ನೋಡಿ. ಬಾಗಿದ ಕತ್ತು, ಅದರ ಮೇಲೆ ತಲೆ, ಮೈ ತುಂಬ ಕೆಂಪು, ಹಳದಿ, ಹಸಿರು ಬಳ್ಳಿ. ಇದಕ್ಕೆ ಬಂಗಾವು ಅಂತಾರೆ. ಮಲಯ ಭಾಷೆಯಲ್ಲಿ ಬಂಗಾವು ಅಂದ್ರೆ ಬೆಳ್ಳಕ್ಕಿ, ಕೊಕ್ಕರೆ. ನೀರಲ್ಲಿ ಅಲುಗಾಡದೆ ನಿಂತು ಮೀನು ಹಿಡಿಯೋ ಹಕ್ಕಿ. ಮೀನುಗಾರನ ದೋಣಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಆದ್ರೆ ಇದು ಬರೀ ಅಲಂಕಾರ ಅಲ್ಲ. ಮಲೇಷ್ಯಾದ ಪೂರ್ವ ಕರಾವಳಿಯ ಕೆಲಂತಾನ್, ತೆರೆಂಗಾನುವಿನ ಮೀನುಗಾರರು ನಸುಕಿನಲ್ಲಿ ನೆಲದ ಗಾಳಿ ಹಿಡಿದು ಹೋಗಿ, ಮಧ್ಯಾಹ್ನದ ಕಡಲ ಗಾಳಿಗೆ ವಾಪಸ್ ಬರ್ತಿದ್ರು. ನಡುವೆ ಬಲೆ ಬಿಡೋವಾಗ ಹಾಯಿ ಇಳಿಸಬೇಕು. ಸುತ್ತಿದ ಹಾಯಿ, ಅದರ ಉದ್ದನೆ ಕೋಲು, ಹಾಯಿಮರ ಎಲ್ಲಾ ದೋಣಿಯೊಳಗೆ ಬಿದ್ದುಕೊಂಡ್ರೆ ಕೆಲಸಕ್ಕೆ ಜಾಗ ಎಲ್ಲಿ? ಅದಕ್ಕೇ ಅವನ್ನ ಬಂಗಾವಿನ ಕತ್ತಿನ ಬಾಗಿಗೆ ಒರಗಿಸ್ತಿದ್ರು. ಅದರ ಜೊತೆಗಾರ ಓಕೋಕ್. ಅದೂ ಇಂಥದೇ ಆಸರೆ, ಆದ್ರೆ ಗಿಡ್ಡ, ಚಪ್ಪಟೆ.

ಭಾರ ಬೀಳೋದು ಕತ್ತಿನ ಮೇಲೇ. ಮರದ ಎಳೆ ಅಲ್ಲಿ ಅಡ್ಡ ಬಂದ್ರೆ ಒಂದು ದೊಡ್ಡ ಅಲೆಯ ಕುಲುಕಿಗೆ ಕತ್ತು ಸೀಳಿಹೋಗುತ್ತೆ. ಎಳೆ ಬಾಗಿನ ಜೊತೆಗೇ ಹರಿಯೋ ಗಟ್ಟಿ ತುಂಡು ಆರಿಸೋದರಲ್ಲೇ ಅರ್ಧ ಕೆಲಸ ಮುಗಿಯುತ್ತೆ.

ಎಲ್ಲಾ ಬಂಗಾವಿಗೂ ಹಕ್ಕಿ ತಲೆ ಇರಲ್ಲ. ಕೆಲವಕ್ಕೆ ನಾಗ, ನೀರನ್ನ ಕಾಯೋನು. ಕೆಲವಕ್ಕೆ ವಯಾಂಗ್ ಕುಲಿತ್, ಅಂದ್ರೆ ಅಲ್ಲಿನ ತೊಗಲುಗೊಂಬೆಯಾಟದ ಪಾತ್ರಗಳು. ಕೆಲಂತಾನ್‌ನ ಆ ಆಟದ ಮುಖ್ಯ ಕಥೆ ರಾಮಾಯಣ. ರಾಮ ಅಲ್ಲಿ ಸೆರಿ ರಾಮ, ಸೀತೆ ಸಿತಿ ದೇವಿ, ರಾವಣ ಮಹಾರಾಜ ವಾನ. ನಮ್ಮ ತೊಗಲುಗೊಂಬೆ ನೋಡಿದವರಿಗೆ ಆ ಪಕ್ಕನೋಟದ ಮುಖ ಹೊಸದೇನಲ್ಲ. ಗಡಿಯಾಚೆ ಥೈಲ್ಯಾಂಡ್‌ನ ಪಟ್ಟಾನಿ, ನರಾಥಿವಾತ್‌ನಲ್ಲಿ ಕೋಲೆ ಅನ್ನೋ ಮೀನುಗಾರರ ದೋಣಿಗಳ ಪಕ್ಕೆಯ ಮೇಲೂ ನಾಗ, ಸಿಂಹ, ಹನುಮಂತ ಬಣ್ಣದಲ್ಲಿ ಬರ್ತಾರೆ.

ಈ ಮೀನುಗಾರರು ಮುಸ್ಲಿಮರು. ಮಸೀದಿಯ ಕೆತ್ತನೆಯಲ್ಲಿ ಪ್ರಾಣಿಗಳಿರಲ್ಲ, ಬಳ್ಳಿ, ಹೂವು, ಬರಹ ಇಂಥವೇ. ದೋಣಿಯಲ್ಲಿ ಹಳೇ ಪ್ರಾಣಿಗಳೂ ಉಳಿದುಕೊಂಡವು, ಎಷ್ಟೋ ಕಡೆ ತಲೆ ಬಳ್ಳಿಯೊಳಗೇ ಕರಗಿದೆ. ಹತ್ತಿರದಿಂದ ನೋಡಿ: ಈ ಸುರುಳಿ ಕೊಕ್ಕೋ, ಎಲೆಯೋ? ಈ ಬಳ್ಳಿಗೆ ಆವಾನ್ ಲಾರಾತ್, ಅಂದ್ರೆ ಹರಿದಾಡೋ ಮೋಡ, ಅಂತ ಹೆಸರು. ಇದಕ್ಕೊಂದು ಕಟ್ಟುಪಾಡಿದೆ. ಬಳ್ಳಿ ಒಂದೇ ಮೂಲದಿಂದ ಹುಟ್ಟಬೇಕು, ಆ ಮೂಲ ಎದ್ದು ಕಾಣಬಾರದು. ತುದಿ ಚೂಪಾಗಿರಲಿ, ಪಕ್ಕದ ಎಲೆಯನ್ನ ಚುಚ್ಚಬಾರದು. ಸುತ್ತಿಕೊಳ್ಳಲಿ, ಉಸಿರು ಕಟ್ಟಿಸಬಾರದು. ಮೂಲವನ್ನ ಬೆರಳಿಟ್ಟು ಹುಡುಕಿ, ನಿಜವಾಗ್ಲೂ ಖುಷಿಯಾಗುತ್ತೆ.

ಇಂಜಿನ್ ಬಂದ ಮೇಲೆ ಹಾಯಿ ಹೋಯ್ತು, ಬಂಗಾವಿಗೆ ಹೊರೋಕೆ ಏನೂ ಉಳಿಲಿಲ್ಲ. ಮ್ಯೂಸಿಯಂನಲ್ಲೋ ಅಂಗಡಿಯಲ್ಲೋ ಒಂದು ಕಂಡ್ರೆ ಮೊದಲು ತಲೆ ನೋಡಬೇಡಿ, ಕತ್ತಿನ ಬಾಗು ನೋಡಿ. ಕಡಲಿಗೆ ಹೋಗಿಬಂದದ್ದಾದ್ರೆ ಅಲ್ಲಿ ಬಣ್ಣ ಸವೆದು, ಮರ ನುಣ್ಣಗಾಗಿರುತ್ತೆ.