ಬಸ್ಸಿನ ಕಂಬಿಗೆ ಹೆದರುವವರು ಕಿಟಕಿ ಯಾಕೆ ಮುಚ್ಚುತ್ತಾರೆ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಸಿಟಿ ಬಸ್ಸಲ್ಲೇ ಬಂದೆ, ಅದೂ ಕಂಬಿ ಹಿಡಿದು ನಿಂತುಕೊಂಡು. ಹಾಗಾಗಿ ಇವತ್ತಿನ ಮಾತಿಗೆ ಬೇಕಾದ ಸರಕು ನನ್ನ ಅಂಗೈಯಲ್ಲೇ ಇತ್ತು. ಬಂದವನೇ ಮಾತಾಡಿಸದೆ ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಹೋದದ್ದು ಅದಕ್ಕೇ, ಜಂಬ ಅಂತ ತಿಳಿಯಬೇಡಿ.

ನಾನು ಲ್ಯಾಬಿನವನು. ಬ್ಯಾಕ್ಟೀರಿಯಾ ಬೆಳೆಸಿ ನೋಡುವುದೇ ಕೆಲಸ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಓಡಾಟ. ಗೊತ್ತಿರುವವರು ಸಿಕ್ಕಿದರೆ ಕೇಳುವುದು ಒಂದೇ: "ಈ ಕಂಬಿಯಲ್ಲಿ ಎಷ್ಟು ಬ್ಯಾಕ್ಟೀರಿಯಾ ಉಂಟು ಮಾರಾಯ್ರೆ?" ಉಂಟು, ರಾಶಿ ಉಂಟು. ಆದರೆ ಅದರಲ್ಲಿ ಹೆಚ್ಚಿನದ್ದು ನಮ್ಮದೇ ಚರ್ಮದಿಂದ ಹೋದದ್ದು, ಅಜ್ಜನ ಕಾಲದಿಂದ ಬಾಡಿಗೆ ಕೊಡದೆ ನಮ್ಮ ಮೈಮೇಲೆ ಕೂತಿರುವ ಒಕ್ಕಲು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅಂತ ಒಂದಿದೆ. ಹತ್ತರಲ್ಲಿ ಸುಮಾರು ಮೂರು ಜನರ ಮೂಗಿನೊಳಗೆ ಅದು ಇರುತ್ತದೆ, ಅವರಿಗೆ ಏನೂ ಆಗುವುದಿಲ್ಲ. ಗಾಯದೊಳಗೆ ಹೊಕ್ಕರೆ ಕುರು, ಕೀವು. ಕೈಯಲ್ಲಿ ಗಾಯ ಇದ್ದರೆ ಪಟ್ಟಿ ಹಾಕಿಕೊಂಡು ಬಸ್ಸು ಹತ್ತಿ, ಅಷ್ಟೇ.

ನ್ಯೂಯಾರ್ಕಿನಲ್ಲಿ ಸುರಂಗ ರೈಲಿನ ಸ್ಟೇಷನ್ನುಗಳನ್ನೆಲ್ಲ ಒರೆಸಿ ಒರೆಸಿ ಡಿಎನ್ಎ ಹುಡುಕಿದರು, 2015ರಲ್ಲಿ ವರದಿ ಬಂತು. ಸಿಕ್ಕಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಯಾವ ಜೀವಿಯದ್ದು ಅಂತಲೇ ಗೊತ್ತಾಗಲಿಲ್ಲ. ಅದು ಯಾರಿಗೆ ಬೇಕು? ಪ್ಲೇಗ್, ಆಂಥ್ರಾಕ್ಸ್ ರೋಗಾಣುಗಳ ಡಿಎನ್ಎ ತುಣುಕು ಸಿಕ್ಕಿತು ಅನ್ನುವುದೇ ದೊಡ್ಡ ಸುದ್ದಿಯಾಯಿತು. ಆಮೇಲೆ ಸಂಶೋಧಕರೇ ಆ ಮಾತನ್ನು ತಿದ್ದಿಕೊಂಡರು. ತಿದ್ದಿದ್ದು ಮಾತ್ರ ಯಾರ ವಾಟ್ಸಾಪಿಗೂ ಬರಲಿಲ್ಲ, ಅಲ್ವಾ?

ಕಂಬಿ ತಾನಾಗಿ ಯಾರ ಬಾಯಿಗೂ ಬರುವುದಿಲ್ಲ, ಕೈ ಬರುತ್ತದೆ. ಫ್ಲೂ ವೈರಸ್ ಸ್ಟೀಲಿನ ಮೇಲೆ ಒಂದು ದಿನ, ಎರಡು ದಿನ ಉಳಿಯಬಹುದು. ಅಂಗೈಗೆ ಬಂದ ಮೇಲೆ ಐದು ನಿಮಿಷದಲ್ಲಿ ಬಹುಪಾಲು ಸಾಯುತ್ತದೆ. ಆದರೆ ಆ ಐದು ನಿಮಿಷದಲ್ಲಿ ನಾವೇನು ಮಾಡುತ್ತೇವೆ? ಬಸ್ಸಿಳಿದು, ಕಣ್ಣು ಉಜ್ಜಿ, ಒಂದು ಚರ್ಮುರಿ ಕಟ್ಟಿಸಿಕೊಂಡು ಅದೇ ಕೈಯಲ್ಲಿ ತಿನ್ನಲು ಶುರು. ಪೊಟ್ಟಣ ಮುಗಿದ ಮೇಲೆ ಬೆರಳು ಚೀಪುವುದೂ ಉಂಟು. ಜೇಬಿನಲ್ಲಿ ಸ್ಯಾನಿಟೈಸರ್ ಇದ್ದರೆ ಒಳ್ಳೆಯದು, ಆಲ್ಕೋಹಾಲ್ ಶೇ. 60ಕ್ಕಿಂತ ಕಡಿಮೆ ಇರಬಾರದು. ಆದರೆ ವಾಂತಿ ಭೇದಿ ತರುವ ನೋರೋವೈರಸ್ ಅದಕ್ಕೆ ಜಗ್ಗುವುದಿಲ್ಲ. ಸೋಪು ಹಾಕಿ 20 ಸೆಕೆಂಡು ತಿಕ್ಕಿ ತೊಳೆಯಬೇಕು.

ಇದರ ಮಧ್ಯೆ ಒಂದು ಮಾತು. ತಾಮ್ರ, ಹಿತ್ತಾಳೆಯ ಮೇಲೆ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ, ಆ ಲೋಹವೇ ಅವನ್ನು ಕೊಲ್ಲುತ್ತದೆ. ಹಾಗಂತ ಬಸ್ಸಿಗೆ ಹಿತ್ತಾಳೆ ಕಂಬಿ ಹಾಕಿಸಿದರೆ ಬೆಳಿಗ್ಗೆ ಕಂಬಿ ಇರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ನನಗೆ ನಿಜವಾಗಿ ಹೆದರಿಕೆ ಇರುವುದು ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ ಬಸ್ಸಿನದ್ದು. ಪಡುಬಿದ್ರಿ ದಾಟುವಾಗ ಮಳೆ ಹೊಡೆಯುತ್ತದೆ, ಎಲ್ಲ ಕಿಟಕಿಯೂ ಟಪಟಪ ಮುಚ್ಚುತ್ತದೆ. ಮೂಲ್ಕಿ ಬರುವಷ್ಟರಲ್ಲಿ ಗಾಜಿನ ಒಳಗಡೆ ಆವಿ ಕಟ್ಟಿ, ಮಕ್ಕಳು ಬೆರಳಲ್ಲಿ ಹೆಸರು ಬರೆಯುವಷ್ಟು ಮಂಜು. ಅದು ಸ್ವಲ್ಪ ಒದ್ದೆ ಕೊಡೆ, ಒದ್ದೆ ಬಟ್ಟೆಯದ್ದು. ಉಳಿದದ್ದು ಬಸ್ಸಲ್ಲಿ ಇರುವಷ್ಟೂ ಜನರ ಉಸಿರು. ಅಷ್ಟು ಹೊತ್ತು ನಾವು ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾ ಕೂತಿರುತ್ತೇವೆ, ಕಂಬಿ ಮುಟ್ಟಬಾರದು ಅಂತ ಕರ್ಚೀಫು ಸುತ್ತಿಕೊಂಡವರೂ ಸೇರಿ.

ಕ್ಷಯದ ಬ್ಯಾಕ್ಟೀರಿಯಾವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಲೋಕಕ್ಕೆ ತಿಳಿಸಿದ್ದು 1882ರ ಮಾರ್ಚ್ 24ಕ್ಕೆ. ಇವತ್ತಿಗೂ ಪ್ರಪಂಚದ ಕ್ಷಯ ರೋಗಿಗಳಲ್ಲಿ ಕಾಲು ಭಾಗದಷ್ಟು ನಮ್ಮ ದೇಶದವರು. ಅದು ಕಂಬಿ ಮುಟ್ಟಿದರೆ, ಸೀಟಲ್ಲಿ ಕೂತರೆ ಹರಡುವುದಿಲ್ಲ. ಕೆಮ್ಮಿದಾಗ ಹಾರುವ ತೀರಾ ಸಣ್ಣ ಹನಿಗಳು ಮುಚ್ಚಿದ ಜಾಗದಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಅದರಿಂದ ಹರಡುತ್ತದೆ. ಒಂದು ಸಲ ಬಸ್ಸು ಹತ್ತಿದ್ದಕ್ಕೆ ಬರುವುದು ಅಪರೂಪ. ದಿನಾ, ತಾಸುಗಟ್ಟಲೆ ಅದೇ ಗಾಳಿಯಲ್ಲಿ ಇರುವವರದ್ದು ಬೇರೆ ಕಥೆ. ಬಸ್ಸಲ್ಲಿ ಹಾಗೆ ಇರುವವರು ಡ್ರೈವರ್, ಕಂಡಕ್ಟರ್. ಅವರ ಬಗ್ಗೆ ಯಾರೂ ನನ್ನನ್ನು ಕೇಳಿದ್ದಿಲ್ಲ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ, ಮಾತ್ರೆಗೂ ಬೇಡ. ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟರೆ ತೋಳು ಒದ್ದೆಯಾಗುತ್ತದೆ, ಪಕ್ಕದವರು ಗುರ್ ಅನ್ನುತ್ತಾರೆ. ನಾನು ತೆರೆಯುತ್ತೇನೆ, ಬೈಸಿಕೊಳ್ಳುತ್ತೇನೆ.

ನಮ್ಮ ಬಸ್ಸಿನ ಕಂಡಕ್ಟರಿಗೆ ನೋಟು ಬಿಡಿಸುವಾಗ ಬೆರಳು ನಾಲಿಗೆಗೆ ಹೋಗುವ ಅಭ್ಯಾಸ. ಊರಿಡೀ ತಿರುಗಿದ ನೋಟು ಅದು. ಬ್ಯಾಂಕಿನಲ್ಲಿ ಕ್ಯಾಶಿಯರ್ ಹತ್ತಿರ ಇರುತ್ತದಲ್ಲ, ಡಬ್ಬಿಯೊಳಗೆ ಒದ್ದೆ ಸ್ಪಂಜು, ಅಂಥದ್ದೊಂದು ತಂದು ಕೊಟ್ಟೆ. "ಒಳ್ಳೇದಾಯ್ತು ಸರ್" ಅಂದರು, ಎರಡು ದಿನ ಬಳಸಿದರು. ಮೂರನೇ ದಿನ ನೀರು ಹಾಕಲು ಮರೆತರು, ಬೆರಳು ಪುನಃ ನಾಲಿಗೆಗೆ ಹೋಯಿತು. ಡಬ್ಬಿ ಈಗ ಡ್ರೈವರ್ ಎದುರು ದೇವರ ಫೋಟೋದ ಪಕ್ಕ ಉಂಟು, ಅದರಲ್ಲಿ ಊದುಬತ್ತಿ ಚುಚ್ಚಿದ್ದಾರೆ.